ಮಖಮಲ್ಲಿನ ಮೂರನೇ ಪಟ್ಟಿ

ಜನವರಿ 11

ಪ್ರೀತಿಯ ಚಿಕ್ಕಮ್ಮನಿಗೆ,

ಫೋನ್ ಮಾಡಿದರೆ ನೀನು ಹೊಲಿಗೆ ಮಿಷನ್ ನಿಲ್ಲಿಸುವುದಿಲ್ಲ. "ಏನು? ಏನಂದೆ?" ಎಂದು ಎರಡು ಸಲ ಕಿರುಚಿ, "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದುವಾಗಲಾದರೂ ಮಿಷನ್ ನಿಲ್ಲುತ್ತದಲ್ಲ.

ನಿನ್ನ ಅಂಗಡಿಯಲ್ಲಿ ಮೂರು ವಾರ ಕ್ಯಾಮೆರಾ ಹಿಡಿದು ಎಲ್ಲರ ಕಾಲಿಗೂ ತೊಡರುತ್ತಿದ್ದವಳು ವಾಪಸು ಬಂದು ತಿಂಗಳಾಯಿತು. ನಲವತ್ತು ಗಂಟೆಯ ಚಿತ್ರೀಕರಣ ನನ್ನ ಹತ್ತಿರ ಇದೆ. ಹದಿಮೂರನೇ ವಯಸ್ಸಿಗೆ ಅಮ್ಮನ ಜೊತೆ ಗಡಿ ದಾಟಿ ಬಂದ ಹುಡುಗಿ ಹತ್ತೊಂಬತ್ತಕ್ಕೆ ನಿನ್ನ ಹತ್ತಿರ ಕೋಟು ಹೊಲಿಯಲು ಕಲಿತ ಕಥೆ. ಆದರೆ ನನ್ನ ಕೈಯಲ್ಲಿದ್ದ ದುಡ್ಡೆಲ್ಲ ಅಲ್ಲಿಗೇ ಮುಗಿಯಿತು. ಸಂಕಲನ, ಧ್ವನಿ, ಬಣ್ಣ ಎಲ್ಲ ಬಾಕಿ. ಇಲ್ಲೊಂದು ಸಂಸ್ಥೆ ಮಾತು ಕೊಟ್ಟಿದೆ. ಜೂನ್ ಮೂವತ್ತರೊಳಗೆ ಅರ್ಧ ಹಣವನ್ನು ನಾನು ಜನರಿಂದ ಕೂಡಿಸಿದರೆ ಉಳಿದರ್ಧ ಅವರು ಕೊಡುತ್ತಾರೆ. ಕೂಡಿಸದಿದ್ದರೆ ಅವರದೂ ಇಲ್ಲ, ಸಿನಿಮಾವೂ ಇಲ್ಲ.

ಜನರಿಗೆ ತೋರಿಸಲು ಮೂರು ನಿಮಿಷದ ತುಣುಕೊಂದನ್ನು ಮಾಡಿದ್ದೇನೆ. ಅದರ ಕೊನೆಯ ದೃಶ್ಯದ ವಿಷಯ ನಿನಗೆ ಹೇಳಲೇಬೇಕು. ನೀನು ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದ ಮಧ್ಯಾಹ್ನ. "ಗಡಿ ದಾಟಿದ ದಿನದ್ದು ಏನು ನೆನಪಿದೆ?" ಎಂದು ಅವಳನ್ನು ಕೇಳಿದೆ. ಅವಳು ಎದ್ದು ಮಿಷನ್ ಮುಂದೆ ಹೋಗಿ ಕೂತಳು. ನಾನೂ ಸುಮ್ಮನೆ ಮೂಲೆಯಲ್ಲಿ ಕೂತೆ, ಕ್ಯಾಮೆರಾ ಓಡುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ, ಮುಂದಿದ್ದ ನೀಲಿ ಬಟ್ಟೆಯನ್ನು ಅಂಗೈಯಿಂದ ಸವರಿದಳು. ಮತ್ತೆ ಸವರಿದಳು. ಕಣ್ಣಿಂದ ಬಳಬಳ ನೀರು ಬಂತು, ಚಿಕ್ಕಮ್ಮ. ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇಂಥ ಚಿತ್ರ ಒಂದೂ ಸಿಕ್ಕಿರಲಿಲ್ಲ. ಸಂಸ್ಥೆಯ ಮೇಡಂ ಅದನ್ನು ನೋಡಿಯೇ ಒಪ್ಪಿದ್ದು.

ಈ ದೃಶ್ಯ ಇದೆಯೆಂದು ಅವಳಿಗಿನ್ನೂ ಹೇಳಿಲ್ಲ. ಒಪ್ಪಿಗೆ ಪತ್ರಕ್ಕೆ ಅವಳ ಸಹಿ ಮೊದಲೇ ಇದೆ, ತೊಂದರೆಯೇನಿಲ್ಲ. ಬಂದಾಗ ನಾನೇ ತೋರಿಸುತ್ತೇನೆ. ಅಲ್ಲಿವರೆಗೆ ನೀನೂ ಎತ್ತಬೇಡ, ನಾಚಿಕೊಂಡುಬಿಟ್ಟಾಳು. ಸಿನಿಮಾದ ಹೆಸರು "ಗಡಿಯಾಚೆಯ ಕಣ್ಣೀರು". ಜೊತೆಗೆ ಪ್ರಚಾರದ ಚೀಟಿ ಇಟ್ಟಿದ್ದೇನೆ, ನಿನ್ನ ಗಿರಾಕಿಗಳಿಗೆಲ್ಲ ತೋರಿಸಿ ಹೇಳು. ಚಿಕ್ಕಪ್ಪನಿಗೆ ನಮಸ್ಕಾರ.

ನಿನ್ನ,
ಚೂಟಿ

ಜನವರಿ 24

ಚೂಟಿ,

ಕಾಗದ ತಲುಪಿತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ಸಿನಿಮಾದ ಹೆಸರು ಓದಿ ನಿನ್ನ ಚಿಕ್ಕಪ್ಪ ಇದು ಕಣ್ಣಿನ ಆಸ್ಪತ್ರೆಯ ಜಾಹೀರಾತೇ ಎಂದು ಕೇಳಿದರು. ನಾನು ನಗಲಿಲ್ಲ, ಸ್ವಲ್ಪ ನಕ್ಕೆ.

ಗುಂಡಿಗಳನ್ನು ಹಾಕಿಡುವ ದೊಡ್ಡ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಕೌಂಟರ್ ಮೇಲೆ ಇಟ್ಟಿದ್ದೇನೆ. ಪಕ್ಕದಂಗಡಿಯ ಗಡಿಯಾರ ರಿಪೇರಿಯವರು ಮೊದಲ ನೋಟು ಹಾಕಿ, ಅದನ್ನು ಇಡೀ ಬೀದಿಗೆ ಸಾರಿದರು. ಉಳಿದವರೂ ಹಾಕುತ್ತಿದ್ದಾರೆ. ಒಬ್ಬಾಕೆ ಅಭ್ಯಾಸಬಲದಿಂದ ಗುಂಡಿಯನ್ನೇ ಹಾಕಿ ಹೋದಳು.

ನೀನಿದ್ದಾಗ ಶುರುವಾಗಿತ್ತಲ್ಲ, ಸಭಾಂಗಣದ ರಂಗದ ಪರದೆ, ಅದು ಮೊನ್ನೆ ಮುಗಿಯಿತು. ಹದಿನೆಂಟು ಪಟ್ಟಿ ನೀಲಿ ಮಖಮಲ್. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಕೆಲಸ. ಸಭಾಂಗಣದ ಕಾರ್ಯದರ್ಶಿಯೂ ನಮ್ಮ ಗಡಿಯಾರದವರೇ ಆದ್ದರಿಂದ ದಿನಕ್ಕೆ ನಾಲ್ಕು ಸಲ ಬಂದು ತಲೆ ತಿನ್ನುತ್ತಿದ್ದರು. ಆ ಪಟ್ಟಿಗಳನ್ನು ಜೋಡಿಸಿ ಹೊಲಿಯುವ ಕೆಲಸ ಪೂರ್ತಿ ಹುಡುಗಿಗೇ ಬಿಟ್ಟೆ. ನಿನಗೆ ಗೊತ್ತಿರಲಿಕ್ಕಿಲ್ಲ, ಮಖಮಲ್ ಅಂದರೆ ಬೆಕ್ಕಿನ ಬೆನ್ನಿನ ಹಾಗೆ. ಒಂದು ಕಡೆ ಸವರಿದರೆ ನಯ, ಎದುರು ಸವರಿದರೆ ಒರಟು. ಎಲ್ಲ ಪಟ್ಟಿಯ ಎಳೆಯೂ ಒಂದೇ ದಿಕ್ಕಿಗೆ ಮಲಗಿರಬೇಕು. ಒಂದು ತಲೆಕೆಳಗಾದರೂ ದೀಪ ಬಿದ್ದಾಗ ಅದರ ಬಣ್ಣವೇ ಬೇರೆ ಕಾಣುತ್ತದೆ. ತಪ್ಪಿ ಹೊಲಿದರೆ ಬಿಚ್ಚುವ ಹಾಗೂ ಇಲ್ಲ, ಸೂಜಿ ಹೋದಲ್ಲೆಲ್ಲ ಗುರುತು ಉಳಿಯುತ್ತದೆ. ಇಂಥ ಬಟ್ಟೆಯನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ. ಅವಳ ಕೈಗೆ ಕೊಟ್ಟೆ ಅಂದರೆ ನೀನೇ ಲೆಕ್ಕ ಹಾಕಿಕೋ.

ನಿನ್ನ ಚೀಟಿಯಲ್ಲಿ "ನಿರಾಶ್ರಿತ ಹುಡುಗಿ" ಎಂದು ಏಳು ಸಲ ಬರೆದಿದ್ದೀಯ. ಅವಳಿಗೆ ಬಾಡಿಗೆ ಮನೆ ಇದೆ, ಬಾಗಿಲಿಗೆ ಬೀಗ ಇದೆ, ಬೀಗದ ಕೈ ಮರೆತು ಬರುವ ಅಮ್ಮನೂ ಇದ್ದಾಳೆ. ಒಂದೆರಡು ಸಲ "ಟೈಲರ್" ಎಂದೂ ಬರೆಯಬಹುದಿತ್ತು. "ಕೋಟಿಗೆ ಕಾಲರ್ ಕೂರಿಸಿದ್ದು ಅಕ್ಕನ ಸಿನಿಮಾದಲ್ಲಿ ಇದೆಯಾ?" ಎಂದು ಅವಳು ದಿನಾ ಕೇಳುತ್ತಾಳೆ. ಇದೆಯೋ ಇಲ್ಲವೋ ಬರೆದು ತಿಳಿಸು. ಬೇರೆ ಮಾತು ಮಾತ್ರ ಈಚೆಗೆ ಕಡಿಮೆ ಮಾಡಿದ್ದಾಳೆ. ನಿನ್ನ ಪ್ರಶ್ನೆಗಳ ಪ್ರತಾಪ ಇರಬೇಕು.

ಹೊತ್ತಿಗೆ ಸರಿಯಾಗಿ ತಿನ್ನು.

ಚಿಕ್ಕಮ್ಮ

ಫೆಬ್ರವರಿ 19

ಪ್ರೀತಿಯ ಚಿಕ್ಕಮ್ಮನಿಗೆ,

ಕುಣಿಯಬೇಕು ಅನ್ನಿಸುತ್ತಿದೆ! ತುಣುಕನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟು ಹನ್ನೆರಡು ದಿನವಾಯಿತಷ್ಟೇ, ನಾನು ಕೂಡಿಸಬೇಕಾದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಬಂದುಬಿಟ್ಟಿದೆ. ಎಂದೂ ಕಾಣದ ಊರುಗಳಿಂದ ಜನ ಬರೆಯುತ್ತಿದ್ದಾರೆ. "ಆ ಹುಡುಗಿ ಕಳೆದುಕೊಂಡ ಊರನ್ನು ಬಟ್ಟೆಯಲ್ಲಿ ಹುಡುಕುತ್ತಿದ್ದಾಳೆ" ಎಂದು ಒಬ್ಬ ಮೇಷ್ಟ್ರು ಬರೆದಿದ್ದಾರೆ. ನಾನೇ ಬರೆಯಬೇಕಿದ್ದ ಸಾಲು.

ಸಂಸ್ಥೆಯ ಮೇಡಂ ಇನ್ನೊಂದು ಸಲಹೆ ಕೊಟ್ಟಿದ್ದಾರೆ. ಗಡಿ ದಾಟಿದ್ದನ್ನು ತೋರಿಸುವ ದೃಶ್ಯ ನಮ್ಮಲ್ಲಿಲ್ಲ. ಹೊಳೆಯ ದಂಡೆಯಲ್ಲಿ ಅವಳು ಗಂಟು ಹೊತ್ತುಕೊಂಡು ಬರಿಗಾಲಲ್ಲಿ ನಡೆಯುವ ಹಾಗೆ ಒಂದು ಬೆಳಗ್ಗೆ ಚಿತ್ರೀಕರಿಸಿದರೆ ಸಾಕಂತೆ. ಅವರು ಕೊಡುವ ಹಣ ಇನ್ನೂ ಸ್ವಲ್ಪ ಏರುತ್ತದೆ. ಹೊಳೆ ಎಲ್ಲಿಯದಾದರೂ ಆದೀತು. ನೀನು ಅವಳನ್ನು ಒಪ್ಪಿಸಿ ಎರಡು ದಿನದ ಮಟ್ಟಿಗೆ ಇಲ್ಲಿಗೆ ಕಳಿಸುತ್ತೀಯಾ? ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ.

ಕಾಲರಿನ ಬಗ್ಗೆ ನೀನು ಕೇಳಿದ್ದೆ. ಅದು ತುಂಬ ಉದ್ದವಾಗುತ್ತದೆ ಚಿಕ್ಕಮ್ಮ, ನೋಡೋಣ.

ಚೂಟಿ

ಮಾರ್ಚ್ 6

ಮಗಳೇ,

ಹುಡುಗಿ ಬರುವುದಿಲ್ಲ. ನಾನು ಕಳಿಸುವುದೂ ಇಲ್ಲ.

ನಿನ್ನ ತುಣುಕನ್ನು ಅವಳು ನೋಡಿದ್ದಾಳೆ. ಗಡಿಯಾರದವರು ದೊಡ್ಡ ಉಪಕಾರ ಮಾಡುವವರ ಹಾಗೆ ಅವಳನ್ನು ಕರೆದು ತಮ್ಮ ಕಂಪ್ಯೂಟರಿನಲ್ಲಿ ತೋರಿಸಿದರು. "ನೋಡಮ್ಮ, ಎಷ್ಟು ಸಾವಿರ ಜನ ನಿನ್ನ ನೋಡಿದಾರೆ" ಅಂದರಂತೆ. ಅವಳು ಬಂದು ಮಿಷನ್ ಮುಂದೆ ಕೂತವಳು ಸಂಜೆವರೆಗೆ ತಲೆ ಎತ್ತಲಿಲ್ಲ. ಆಮೇಲೆ ನಾಲ್ಕು ದಿನ ಅಂಗಡಿಯಲ್ಲಿ ಟೀ ಕೂಡ ಕುಡಿಯಲಿಲ್ಲ. ಕೇಳಿದರೆ "ಏನಿಲ್ಲ ಮಾಸ್ಟ್ರಮ್ಮ" ಅನ್ನುತ್ತಾಳೆ. ಹಳೆಯ ಗಾಯವನ್ನು ಕೆದಕಿ, ಬೀದಿಯಲ್ಲಿಟ್ಟು ಮೆರೆಸಿದ್ದೀಯ. ನಾನಿನ್ನೂ ಅದನ್ನು ನೋಡಿಲ್ಲ. ಕನ್ನಡಕ ಒಡೆದು ಕೂತಿದೆ, ನೋಡುವ ಮನಸ್ಸೂ ಇಲ್ಲ.

ಇದರ ಮೇಲೆ ಇನ್ನೊಂದು ಫಜೀತಿ. ಕಾಲು ಉಳುಕಿ ನಾನು ಹಾಸಿಗೆ ಹಿಡಿದಿದ್ದೆ, ಅದೇ ವಾರ ಪರದೆ ನೇತು ಹಾಕಿದರು. ಸಭಾಂಗಣದ ವಿದ್ಯುತ್ ಕೆಲಸ ನಿನ್ನ ಚಿಕ್ಕಪ್ಪನದೇ ಅಲ್ಲವಾ, ಅವರು ದೀಪಗಳನ್ನು ಹಾಕಿ ನೋಡಿದರೆ ಎಡದಿಂದ ಮೂರನೇ ಪಟ್ಟಿ ಉಳಿದವುಗಳಿಗಿಂತ ಕಪ್ಪಗೆ ಕಾಣುತ್ತಿದೆಯಂತೆ. ಬಣ್ಣದಲ್ಲೇ ಮೋಸ! ಮಖಮಲ್ ಕಳಿಸಿದ ಮಿಲ್ಲಿನವರಿಗೆ ಎರಡು ಪುಟ ಬೈದು ಬರೆದಿದ್ದೇನೆ. "ಎಳೆ ತಿರುಗಿದೆಯೇನೋ ನೋಡು" ಎಂದು ನಿನ್ನ ಚಿಕ್ಕಪ್ಪ ಅಂದರು. ನಾನು ಹೇಳಿಕೊಟ್ಟ ಹುಡುಗಿ ಅಂಥ ತಪ್ಪು ಮಾಡುವವಳಲ್ಲ, ನೀವು ನಿಮ್ಮ ಫ್ಯೂಸು ನೋಡಿಕೊಳ್ಳಿ ಎಂದು ಅವರ ಬಾಯಿ ಮುಚ್ಚಿಸಿದೆ.

ಡಬ್ಬಿಯನ್ನು ಕೌಂಟರಿನಿಂದ ಕೆಳಗಿಟ್ಟಿದ್ದೇನೆ.

ಚಿಕ್ಕಮ್ಮ

ಮಾರ್ಚ್ 15

ಚಿಕ್ಕಮ್ಮ,

ನಿನ್ನ ಕಾಗದ ಓದಿ ನಾನೂ ಊಟ ಬಿಟ್ಟೆ ಎಂದು ಬರೆಯಬೇಕಿತ್ತು. ಬಿಡಲಿಲ್ಲ. ಸಿಟ್ಟು ಬಂದಿತ್ತು, ಸಿಟ್ಟಿನಲ್ಲೇ ತಿಂದೆ.

ನಾನು ಯಾರನ್ನೂ ಅಳಿಸಲಿಲ್ಲ. ಕೇಳಿದ್ದು ಒಂದು ಪ್ರಶ್ನೆ, ಅದಕ್ಕವಳ ಉತ್ತರ ಆ ಕಣ್ಣೀರು. ಬಾಯಿಂದ ಹೇಳಲಾಗದ್ದನ್ನು ಕೈಯಿಂದ ಹೇಳಿದಳು. ಅಂಥದ್ದನ್ನು ತೋರಿಸದಿದ್ದರೆ ನನ್ನಂಥವರು ಯಾಕಿರಬೇಕು? ಅವಳಂಥ ಎಷ್ಟೋ ಹುಡುಗಿಯರಿದ್ದಾರೆ, ಒಬ್ಬಳ ಮುಖವನ್ನಾದರೂ ಜನ ಸರಿಯಾಗಿ ನೋಡಲಿ ಎಂದು ಹೊರಟವಳು ನಾನು. ನನ್ನ ಹೆಸರಿಗಾಗಿ ಅಲ್ಲ.

ಹೊಳೆಯ ದಂಡೆ ಬೇಡ ಎಂದರೆ ಬೇಡ, ಮೇಡಂಗೆ ಏನಾದರೂ ಹೇಳುತ್ತೇನೆ. ಆದರೆ ಆ ದೃಶ್ಯವನ್ನು ತೆಗೆಯಲು ಹೇಳಬೇಡ. ಅದಿಲ್ಲದೆ ಈ ಸಿನಿಮಾ ಇಲ್ಲ, ಹಣವೂ ಇಲ್ಲ. ನೋಡದೆಯೇ ಬೈದಿದ್ದೀಯ ಚಿಕ್ಕಮ್ಮ. ಕನ್ನಡಕ ಸರಿಮಾಡಿಸಿಕೊಂಡು ಒಮ್ಮೆ ನೋಡು. ಆಮೇಲೂ ಬೈಯಬೇಕು ಅನ್ನಿಸಿದರೆ ನನ್ನ ಬೆನ್ನು ಇಲ್ಲೇ ಇದೆ.

ಚೂಟಿ

ಏಪ್ರಿಲ್ 2

ಚೂಟಿ,

ಹೊಸ ಕನ್ನಡಕ ಬಂತು. ಗಡಿಯಾರದವರ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನಿನ್ನ ತುಣುಕು ನೋಡಿದೆ. ಮೊದಲ ಸಲ ನೋಡಿದಾಗ ನಾನೂ ಮೂಗು ಒರೆಸಿಕೊಂಡೆ, ಸುಳ್ಳು ಯಾಕೆ. "ಇನ್ನೊಂದ್ಸಲ ಹಾಕಿ" ಅಂದೆ. ಎರಡನೇ ಸಲ ಅವಳ ಮುಖ ಬಿಟ್ಟು ಕೈ ನೋಡಿದೆ. ಹೊಲಿಯುವವರು ಎಲ್ಲಿ ಹೋದರೂ ನೋಡುವುದು ಕೈಯನ್ನೇ.

ಅಂಗೈ ಒಂದು ಪಟ್ಟಿಯ ಮೇಲೆ ಮೇಲಿಂದ ಕೆಳಗೆ ಬರುತ್ತದೆ. ಜೋಡಿಸಿದ ಗೆರೆ ದಾಟಿ ಪಕ್ಕದ ಪಟ್ಟಿಗೆ ಹೋಗುತ್ತದೆ. ಅಲ್ಲಿಯೂ ಮೇಲಿಂದ ಕೆಳಗೆ, ಆದರೆ ನಡುವೆ ತಡೆಯುತ್ತದೆ. ಮತ್ತೆ ಮೊದಲ ಪಟ್ಟಿ, ಮತ್ತೆ ಎರಡನೆಯದು. ಮೂರನೇ ಸಲ ತಡೆದಾಗ ನೀರು ಬಂತು. ಅವಳು ಎಳೆ ನೋಡುತ್ತಿದ್ದಾಳೆ, ಚೂಟಿ. ಆ ಪಟ್ಟಿ ತಲೆಕೆಳಗಾಗಿದೆ, ಹೊಲಿದು ಮುಗಿಸಿದ ಮೇಲೆ ಅದು ಅವಳಿಗೆ ಗೊತ್ತಾಗಿದೆ. ನೀನು ಕ್ಯಾಮೆರಾ ಹಿಡಿದಿದ್ದು ಆ ಗಳಿಗೆಗೆ.

ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದುಕೊಂಡು ಅವಳನ್ನು ಕೂರಿಸಿ ಕೇಳಿದೆ. "ಮೂರನೇ ಪಟ್ಟಿ ತಾನೇ?" ಅಂದೆ. ಅಷ್ಟಕ್ಕೇ ಅವಳ ಕಟ್ಟೆ ಒಡೆಯಿತು.

"ಬಿಚ್ಚಿದ್ರೆ ಗುರುತು ಉಳಿಯುತ್ತೆ ಅಂತ ನೀವೇ ಹೇಳಿದ್ರಿ ಮಾಸ್ಟ್ರಮ್ಮ. ಹೇಳೋಣ ಅಂದ್ರೆ ಬಾಯಿ ಬರ್ಲಿಲ್ಲ. ಯಾರ ಕೈಗೂ ಕೊಡದ ಬಟ್ಟೆ ನಿನಗೆ ಕೊಟ್ಟಿದೀನಿ ಅಂದಿದ್ರಿ."

"ಗಡಿ ದಾಟಿದ್ದು ನೆನಪಾಗಿ ನೀನು ಅತ್ತೆ ಅಂದ್ಕೊಂಡಿದಾಳೆ ನಮ್ಮ ಚೂಟಿ" ಅಂದೆ.

"ಆವತ್ತು ಅಳೋಕೆ ಎಲ್ಲಿತ್ತು ಪುರುಸೊತ್ತು? ಶೂ ಒದ್ದೆಯಾಯ್ತು ಅಂತ ಅಮ್ಮನ ಜೊತೆ ಜಗಳ ಆಡ್ತಾ ಆಡ್ತಾ ನಡೆದೆ. ಊರು ನೆನಪಾದ್ರೆ ಅಳ್ತೀನಿ, ಇಲ್ಲ ಅಂತಲ್ಲ. ಅದು ಮನೇಲಿ, ಅಮ್ಮ ಪಾತ್ರೆ ತೊಳಿಯುವಾಗ. ಇಲ್ಲಿ ಅತ್ತಿದ್ದು ಕೆಲಸ ಕೆಟ್ಟಿತಲ್ಲ ಅಂತ."

ಇನ್ನು ತುಣುಕು ನೋಡಿ ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳಲ್ಲ, ಅದರ ಕಥೆ ಕೇಳು. ನೋಡಿದವರಿಗೆಲ್ಲ ತನ್ನ ತಪ್ಪು ಕಂಡೇ ಕಂಡಿದೆ ಎಂದು ಅವಳು ತಿಳಿದಿದ್ದಾಳೆ. ಸಾವಿರಾರು ಜನ ತಲೆಕೆಳಗಾದ ಪಟ್ಟಿಯನ್ನು ನೋಡಿ ಮರುಗಿ ದುಡ್ಡು ಕಳಿಸುತ್ತಿದ್ದಾರೆ! "ಅಷ್ಟು ದುಡ್ಡು ಹೊಸ ಮಖಮಲ್ ತರೋಕಾ ಮಾಸ್ಟ್ರಮ್ಮ?" ಎಂದು ಕೇಳಿದಳು. ನಾನು ನಕ್ಕೆ. ನಗು ನಿಲ್ಲುವ ಮೊದಲೇ ಅಳು ಬಂತು. ಅವಳೂ ಜೊತೆಗೂಡಿದಳು. ಲಾಂಡ್ರಿಯವನು ಬಾಗಿಲಲ್ಲಿ ಇಣುಕಿ ಹಾಗೇ ಹಿಂದಕ್ಕೆ ಹೋದ.

ನಾನೇನೂ ಕಡಿಮೆಯವಳಲ್ಲ. ಮಿಲ್ಲಿನವರು ಎಂದೋ ಉತ್ತರ ಬರೆದಿದ್ದರು, "ದಯವಿಟ್ಟು ಎಳೆಯ ದಿಕ್ಕನ್ನು ಒಮ್ಮೆ ಪರೀಕ್ಷಿಸಿ" ಎಂದು. ಮೂವತ್ತು ವರ್ಷದ ಟೈಲರಿಗೆ ಹೇಳಿಕೊಡುತ್ತಾರಾ ಎಂದು ಅದನ್ನು ಹರಿದು ಹಾಕಿದ್ದೆ. ಈಗ ಕ್ಷಮೆ ಕೇಳಿ ಬರೆದಿದ್ದೇನೆ. ಹೆಮ್ಮೆ ನನ್ನ ಕಣ್ಣಿಗೂ ಪೊರೆ ತಂದಿತ್ತು.

ಕೊನೆಗೆ ಅವಳು ಒಂದು ಮಾತು ಅಂದಳು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. "ಅಕ್ಕ ಅಲ್ಲೇ ಕೂತಿದ್ರು. ಯಾಕೆ ಅಂತ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

ಇನ್ನು ನೀನುಂಟು, ನಿನ್ನ ಸಿನಿಮಾ ಉಂಟು.

ಚಿಕ್ಕಮ್ಮ

ಮೇ 4

ಚೂಟಿ,

ತಿಂಗಳಾಯಿತು, ನಿನ್ನ ಕಾಗದವಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ನಿನ್ನ ತುಣುಕು ಕಾಣುತ್ತಿಲ್ಲ ಎಂದು ಗಡಿಯಾರದವರು ಹೇಳಿದರು. ನಾನು ಬರೆದದ್ದು ಖಾರವಾಯಿತೇನೋ. ಆದರೂ ವಾಪಸು ತೆಗೆದುಕೊಳ್ಳುವುದಿಲ್ಲ. ಬದುಕಿದ್ದೀಯ ಎಂದು ಒಂದು ಸಾಲು ಬರೆ.

ಚಿಕ್ಕಮ್ಮ

ಮೇ 20

ಪ್ರೀತಿಯ ಚಿಕ್ಕಮ್ಮನಿಗೆ,

ಬದುಕಿದ್ದೇನೆ. ಮೊದಲು ಒಂದು ತಪ್ಪೊಪ್ಪಿಗೆ.

ನಿನ್ನ ಕಾಗದ ಓದಿದ ಮೇಲೆ ಆ ಮಧ್ಯಾಹ್ನದ ಚಿತ್ರೀಕರಣವನ್ನು ಮತ್ತೆ ತೆಗೆದು ನೋಡಿದೆ. ತುಣುಕಿನಲ್ಲಿ ಕಣ್ಣೀರು ಬಿದ್ದಲ್ಲಿಗೆ ನಾನು ಕತ್ತರಿಸಿದ್ದೆ. ಅದರ ಮುಂದೆ ಹನ್ನೊಂದು ಸೆಕೆಂಡು ಇದೆ. ಅವಳು ಕಣ್ಣು ಒರೆಸಿಕೊಂಡು, ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಕೈಗೆತ್ತಿಕೊಳ್ಳುತ್ತಾಳೆ. ಬಟ್ಟೆಯ ಹತ್ತಿರ ಒಯ್ದು, "ಛೇ" ಎಂದು ವಾಪಸು ಇಡುತ್ತಾಳೆ. ಇದು ನನಗೆ ಹೊಸದಲ್ಲ. ಕತ್ತರಿಸುವಾಗ ನೋಡಿದ್ದೆ. ಊರು ನೆನೆದು ಅಳುವವಳು ಕೊಕ್ಕೆ ಯಾಕೆ ಹಿಡಿಯುತ್ತಾಳೆ ಎಂದು ಒಂದು ಕ್ಷಣ ಅನ್ನಿಸಿಯೂ ಇತ್ತು. ಗೊತ್ತಿರಲಿಲ್ಲ ಎಂದರೆ ಅರ್ಧ ಸುಳ್ಳು. ಗೊತ್ತಾಗುವುದು ನನಗೆ ಬೇಡವಾಗಿತ್ತು. ನಾಚಿಕೆಯಾಗುತ್ತದೆ ಚಿಕ್ಕಮ್ಮ.

ತುಣುಕನ್ನು ಕಿತ್ತು, ಹಣ ಕೊಟ್ಟವರಿಗೆಲ್ಲ ನಡೆದದ್ದನ್ನು ಬರೆದೆ. ಆ ಹನ್ನೊಂದು ಸೆಕೆಂಡನ್ನೂ ಕಳಿಸಿದೆ. ಬೇಡವಾದವರು ಹಣ ಹಿಂದಕ್ಕೆ ಪಡೆಯಬಹುದು ಎಂದೆ. ತುಂಬ ಜನ ಪಡೆದರು. ಆ ಮೇಷ್ಟ್ರು "ಮೋಸ" ಎಂದು ಒಂದೇ ಪದ ಬರೆದರು. ಸಂಸ್ಥೆಯ ಮೇಡಂ, "ಕಾರಣ ಯಾರಿಗೆ ಬೇಕಿತ್ತು? ಅತ್ತಿದ್ದಾಳಲ್ಲ, ಅಷ್ಟು ಸಾಕಾಗಿತ್ತು" ಅಂದರು. ಮರುದಿನವೇ ಅವರ ಬೆಂಬಲ ಹೋಯಿತು. ಎರಡು ವಾರ ನಾನು ಗೋಡೆ ನೋಡುತ್ತ ಕೂತಿದ್ದೆ, ಅದಕ್ಕೇ ಕಾಗದವಿಲ್ಲ.

ಆಮೇಲೆ ಬೇರೆ ಥರದ ಕಾಗದಗಳು ಬರತೊಡಗಿದವು. ಒಬ್ಬ ಬಡಗಿ ತಾನು ಕೂರಿಸಿದ ಮೊದಲ ಬಾಗಿಲಿಗೆ ಹಿಡಿಕೆಯನ್ನು ಕೀಲಿನ ಬದಿಗೇ ಹಾಕಿದ್ದನಂತೆ. ಮನೆಯವರೆಲ್ಲ ನಕ್ಕರು, ತಾನು ಹಿತ್ತಲಿಗೆ ಹೋಗಿ ಅತ್ತೆ ಎಂದು ಬರೆದು ಸ್ವಲ್ಪ ಹಣ ಇಟ್ಟಿದ್ದಾನೆ. ಒಬ್ಬ ನರ್ಸು, ಒಬ್ಬ ಬೇಕರಿಯವರು, ಪಿಯಾನೋ ಶ್ರುತಿ ಮಾಡುವ ಒಬ್ಬ ಮುದುಕ. ಎಲ್ಲರೂ ತಮ್ಮ ಕೆಟ್ಟ ಕೆಲಸದ ಕಥೆ ಬರೆದು, ಆ ಹುಡುಗಿ ಆಮೇಲೆ ಪಟ್ಟಿಯನ್ನು ಏನು ಮಾಡಿದಳು ಎಂದು ಕೇಳುತ್ತಿದ್ದಾರೆ. ಒಬ್ಬರೂ ದೊಡ್ಡ ಮೊತ್ತ ಕಳಿಸಿಲ್ಲ. ಆದರೆ ಬಂದದ್ದರಲ್ಲಿ ಒಂದೂವರೆ ಗಂಟೆಯ ಸಿನಿಮಾ ಆಗದಿದ್ದರೂ ನಲವತ್ತು ನಿಮಿಷದ್ದು ಆಗುತ್ತದೆ. ಸಂಗೀತಕ್ಕೆ ಹಣವಿಲ್ಲ, ನಿನ್ನ ಮಿಷನ್ನಿನ ಸದ್ದೇ ಸಂಗೀತ. ಕೊರತೆ ತುಂಬಲು ನಾನೊಂದು ಲಿಫ್ಟ್ ಕಂಪನಿಗೆ ರಿಪೇರಿ ಕಲಿಸುವ ವೀಡಿಯೋ ಮಾಡಿಕೊಡುತ್ತಿದ್ದೇನೆ. ದಿನಕ್ಕೆ ಎಂಟು ಗಂಟೆ ಮೇಲೆ ಕೆಳಗೆ, ಮೇಲೆ ಕೆಳಗೆ.

ಹುಡುಗಿಗೆ ಬೇರೆಯದೇ ಕಾಗದ ಇಟ್ಟಿದ್ದೇನೆ. ನೀನು ಓದಬಾರದು ಎಂದಲ್ಲ, ಓದದಿದ್ದರೆ ಒಳ್ಳೆಯದು. ಅವಳ ಸಿನಿಮಾದಲ್ಲಿ ಏನಿರಬೇಕು, ಏನು ಬೇಡ ಎಂದು ಕೇಳಿದ್ದೇನೆ. ಇಡೀ ಸಿನಿಮಾವೇ ಬೇಡ ಅಂದರೂ ಸರಿ. ಬಂದ ಹಣವನ್ನೆಲ್ಲ ವಾಪಸು ಮಾಡಿ ಲಿಫ್ಟಿನಲ್ಲೇ ಇರುತ್ತೇನೆ.

ನಿನ್ನ,
ಚೂಟಿ

ಜೂನ್ 8

ನನ್ನ ಚೂಟಿ,

ನಿನ್ನ ಕಾಗದವನ್ನು ಹೊಟ್ಟೆಗೆ ಹಾಕಿಕೊಂಡೆ, ನಿನ್ನನ್ನೂ. ಇನ್ನು ಆ ಮಾತು ಸಾಕು.

ಅವಳ ಕಾಗದವನ್ನು ನಾನು ಓದಲಿಲ್ಲ. ಅವಳೇ ಗಟ್ಟಿಯಾಗಿ ಓದಿದಳು. ಉತ್ತರ ಹೇಳುತ್ತಾಳೆ, ಬರೆದುಕೋ. ಕಣ್ಣೀರು ಇರಲಿ, ಆದರೆ ಅದರ ಹಿಂದೆಯೇ ಕೊಕ್ಕೆಯೂ "ಛೇ" ಎಂಬುದೂ ಬರಬೇಕು. ಗಡಿ ದಾಟಿದ್ದನ್ನು ತಾನೇ ಕೂತು ಹೇಳುತ್ತಾಳಂತೆ, ಒದ್ದೆ ಶೂ ಸಮೇತ. ಗಂಟು ಹೊತ್ತು ನಡೆಯಲಾರಳು. "ನಮ್ಮ ಹತ್ರ ಇದ್ದಿದ್ದು ಚಕ್ರದ ಸೂಟ್‌ಕೇಸು" ಅಂದಳು. ಕಾಲರ್ ಪೂರ್ತಿ ಇರಬೇಕು, ಎಷ್ಟೇ ಉದ್ದವಾದರೂ. ನಿರಾಶ್ರಿತೆ ಎಂಬ ಪದ ಬೇಡವಾ ಎಂದು ನಾನೇ ಕೇಳಿದೆ. "ಇರ್ಲಿ, ಸುಳ್ಳಲ್ಲವಲ್ಲ. ಟೈಲರ್ ಅನ್ನೋದು ಮೊದಲು ಬರ್ಲಿ" ಅಂದಳು. ಸಿನಿಮಾಗೆ "ಮೂರನೇ ಪಟ್ಟಿ" ಎಂದು ಹೆಸರಿಡಬೇಕಂತೆ. ಕಣ್ಣಿನ ಆಸ್ಪತ್ರೆಗಿಂತ ವಾಸಿ.

ನಿನ್ನ ಬಡಗಿ, ನರ್ಸು, ಪಿಯಾನೋ ಮುದುಕನಿಗೆಲ್ಲ ಹೇಳು, ಪಟ್ಟಿಯ ಪಂಚಾಯಿತಿ ಮುಗಿದಿಲ್ಲ. ಗಡಿಯಾರದವರು ದೊಡ್ಡ ಮನಸ್ಸು ಮಾಡಿ, "ಹಾಗೇ ಇರ್ಲಿ ಬಿಡಿ, ಈಗ ಅದಕ್ಕೊಂದು ಕಥೆ ಇದೆಯಲ್ಲ" ಅಂದರು. ನನಗೂ ಹೌದೆನ್ನಿಸಿತ್ತು. ಹುಡುಗಿ ಮುಖ ಗಂಟು ಹಾಕಿಕೊಂಡು, "ನಿಮ್ಮ ಗಡಿಯಾರ ಹತ್ತು ನಿಮಿಷ ಹಿಂದೆ ಓಡಿದ್ರೆ ಕಥೆ ಇದೆ ಅಂತ ಬಿಡ್ತೀರಾ?" ಎಂದು ಕೇಳಿದಳು. ಅವರು ಹೋಗಿ ಏಣಿ ತಂದರು.

ಪರದೆ ಈಗ ಅಂಗಡಿಯಲ್ಲಿದೆ, ನಮಗೆ ಕಾಲಿಡಲು ಜಾಗವಿಲ್ಲ. ಒಂದು ಉಪಾಯ ಮಾಡಿದ್ದಾಳೆ, ನಾನು ಹೇಳಿಕೊಟ್ಟದ್ದಲ್ಲ. ಬಿಚ್ಚಿ, ತಿರುಗಿಸಿ, ಹಳೆಯ ಹೊಲಿಗೆಗಿಂತ ಎರಡು ನೂಲು, ಅಂದರೆ ಕಾಲಿಂಚು, ಈಚೆ ಹೊಲಿಯುವುದು. ಆಗ ಸೂಜಿಯ ಗುರುತೆಲ್ಲ ಒಳಗೆ ಮಡಚಿಹೋಗುತ್ತದೆ. ಪರದೆ ಬೆರಳಷ್ಟು ಕಿರಿದಾಗುತ್ತದೆ, ಅಷ್ಟೇ. ಮೂವತ್ತು ವರ್ಷ ನಾನು "ಬಿಚ್ಚಬಾರದು" ಎಂದುಕೊಂಡೇ ಇದ್ದೆ. ನನ್ನ ಹೊಟ್ಟೆ ತಣ್ಣಗಾಯಿತು.

ಡಬ್ಬಿ ಮತ್ತೆ ಕೌಂಟರ್ ಮೇಲೆ ಬಂದಿದೆ.

ಚಿಕ್ಕಮ್ಮ

ಆಗಸ್ಟ್ 30

ಪ್ರೀತಿಯ ಚಿಕ್ಕಮ್ಮನಿಗೆ,

ಸಿನಿಮಾ ಮುಗಿಯಿತು, ಇದರ ಜೊತೆ ಇದೆ. ನಲವತ್ತೊಂದು ನಿಮಿಷ, ಅದರಲ್ಲಿ ಆರೂವರೆ ನಿಮಿಷ ಕಾಲರ್. ಜುಲೈನಲ್ಲಿ ಬಂದು ಅವಳ ಎದುರು ಕೂತು ಕೇಳಿಸಿಕೊಂಡದ್ದೆಲ್ಲ ಇದೆ. ಮೊದಲ ಸಲ ಅವಳು ನಿಮ್ಮ ಸಭಾಂಗಣದಲ್ಲೇ ನೋಡಲಿ. ಆ ದಿನಕ್ಕೆ ಬರಬೇಕೆಂದು ಪ್ರಾಣ ಬಿಡುತ್ತಿದ್ದೇನೆ, ಲಿಫ್ಟಿನವರು ಬಿಡುತ್ತಿಲ್ಲ. ನನ್ನ ಪರವಾಗಿ ನೀನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳನ್ನು ನೋಡಿ ಬರೆ. ಅವಳಿಗೆ ಏನನ್ನಿಸಿತು ಎಂದು ತಿಳಿಯದೆ ನನಗೆ ನಿದ್ದೆಯಿಲ್ಲ.

ಚೂಟಿ

ಸೆಪ್ಟೆಂಬರ್ 15

ನನ್ನ ಚೂಟಿ,

ನಿನ್ನೆ ಮಧ್ಯಾಹ್ನ ಸಭಾಂಗಣ ತುಂಬಿ, ಹಿಂದೆ ನಿಂತವರೂ ಇದ್ದರು. ನಿನ್ನ ಚಿಕ್ಕಪ್ಪ ದೀಪ ಆರಿಸಿದರು, ನೀಲಿ ಪರದೆ ಸರಿಯಿತು, ಸಿನಿಮಾ ಶುರುವಾಯಿತು.

ಹುಡುಗಿ ಅಮ್ಮನ ಜೊತೆ ಕೊನೆಯ ಸಾಲಿನಲ್ಲಿ ಕೂತಿದ್ದಳು. ನಾನು ಸಿನಿಮಾ ಅರ್ಧ ನೋಡಿದೆ, ಅವಳನ್ನು ಅರ್ಧ ನೋಡಿದೆ. ಒದ್ದೆ ಶೂ ಬಂದಾಗ ಅವಳ ಅಮ್ಮ ಎಲ್ಲರಿಗೂ ಕೇಳುವ ಹಾಗೆ, "ಶೂ ಹಾಕ್ಕೋಬೇಡ ಅಂತ ಹೇಳಿದ್ದೆ ತಾನೇ" ಅಂದಳು. ಮಗಳು ಅಮ್ಮನ ಕೈ ಹಿಡಿದುಕೊಂಡಳು, ಸಿನಿಮಾ ಮುಗಿಯುವವರೆಗೆ ಬಿಡಲೇ ಇಲ್ಲ. ಅತ್ತರಾ ಎಂದು ಕೇಳಬೇಡ, ಕತ್ತಲಿತ್ತು. ಕಾಲರ್ ಬಂದಾಗ ನಾನು ಉಸಿರು ಬಿಗಿಹಿಡಿದು ನೋಡಿದೆ. ಮುಗಿಯುತ್ತಲೇ ಯಾರೋ ಚಪ್ಪಾಳೆ ತಟ್ಟಿದರು. ನಾನೇ.

ಆಮೇಲೆ ನಡೆದದ್ದು ಕೇಳು. ದೀಪ ಹತ್ತಿತು, ಪರದೆ ಮುಚ್ಚಿತು. ಎಲ್ಲರೂ ಆ ಪರದೆಯನ್ನೇ ನೋಡಿದರು. ಅಷ್ಟರಲ್ಲಿ ಗಡಿಯಾರದವರು ಎದ್ದು ರಂಗಕ್ಕೆ ಹೋಗಿ, ಎಡದಿಂದ ಎಣಿಸಿ, ಕೈಯಿಂದ ಸವರಿದರು. ಹಿಂದೆಯೇ ಇನ್ನಿಬ್ಬರು ಹೋದರು. ನೋಡ ನೋಡುತ್ತ ಅರ್ಧ ಸಭಾಂಗಣ ಮೇಲೆ ಹತ್ತಿತು. ದೊಡ್ಡವರು, ಮಕ್ಕಳು, ಗುಂಡಿ ಹಾಕಿ ಹೋಗಿದ್ದ ಆಕೆ, ಹುಡುಗಿಯ ಅಮ್ಮ ಕೂಡ, ಎಲ್ಲರೂ ಮೇಲಿಂದ ಕೆಳಗೆ, ಮೇಲಿಂದ ಕೆಳಗೆ. ಎಲ್ಲೂ ಒಂದು ತಡೆ ಸಿಗಲಿಲ್ಲ. ಗುಟ್ಟು ಗೊತ್ತಿದ್ದ ನಾನೂ ಹೋಗಿ ಹೊಸ ಕನ್ನಡಕ ಹಾಕಿಕೊಂಡು ಹುಡುಕಿದೆ, ಚೂಟಿ. ನನಗೂ ಸಿಗಲಿಲ್ಲ. ತಿರುಗಿ ನೋಡಿದರೆ ಕೊನೆಯ ಸಾಲಿನಲ್ಲಿ ಅವಳೊಬ್ಬಳೇ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಅವಳು ಈ ಊರಿಗೆ ಬಂದ ಆರು ವರ್ಷದಲ್ಲಿ ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ನೀನಿರಬೇಕಿತ್ತು. ಕ್ಯಾಮೆರಾ ಇಲ್ಲದೆ.

ಸಿನಿಮಾ ಹೇಗಿತ್ತು ಎಂದು ಕೇಳಿದೆ. "ಎಡಗಡೆ ಕಾಲರ್ ಇನ್ನೂ ಸ್ವಲ್ಪ ಒತ್ತಿ ಇಸ್ತ್ರಿ ಮಾಡ್ಬೇಕಿತ್ತು" ಅಂದಳು. ಇದಕ್ಕಿಂತ ದೊಡ್ಡ ಹೊಗಳಿಕೆ ಅವಳ ಬಾಯಿಂದ ನಿನಗೆ ಸಿಗುವುದಿಲ್ಲ. ಸಿನಿಮಾ ತನ್ನದು ಎಂದುಕೊಂಡಿದ್ದಕ್ಕೇ ಹಾಗೆ ಅಂದಳು.

ಈ ಪಾರ್ಸೆಲ್ಲಿನಲ್ಲಿ ನಿನ್ನ ಕ್ಯಾಮೆರಾಗೆ ಒಂದು ಚೀಲ ಇದೆ. ಉಳಿದ ಮಖಮಲ್ಲಿನಲ್ಲಿ ಅವಳೇ ಹೊಲಿದದ್ದು. ಒಂದು ಬದಿಯ ಎಳೆ ನೆಟ್ಟಗಿದೆ, ಇನ್ನೊಂದು ಬದಿಯದು ತಲೆಕೆಳಗಾಗಿದೆ. ತಪ್ಪಿ ಹೊಲಿದದ್ದಲ್ಲ. ಕ್ಯಾಮೆರಾ ತೆಗೆಯುವ ಮೊದಲು ಅಕ್ಕ ಎರಡೂ ಕಡೆ ಒಂದು ಸಲ ಸವರಬೇಕಂತೆ. ಯಾಕೆ ಎಂದು ನಾನು ಬರೆಯುವುದಿಲ್ಲ. ಅವಳನ್ನೇ ಕೇಳು, ಕೇಳಿದರೆ ಹೇಳುತ್ತಾಳೆ.

ಚಿಕ್ಕಮ್ಮ